ಸುಡು ಬಿಸಿಲಿಗೆ ಕಾರು ತಯಾರಿ: ಯಾವುದು ಬೇಕು, ಯಾವುದು ಸುಮ್ನೆ ಖರ್ಚು?

ಮಧ್ಯಾಹ್ನ ಎರಡು ಗಂಟೆ. ಬಟಾಬಯಲಲ್ಲಿ ನಿಂತಿದ್ದ ಕಾರಿನ ಬಾಗಿಲು ತೆಗೆದ ಕೂಡಲೇ ಝಳ ಮುಖಕ್ಕೆ ರಾಚುತ್ತದೆ. ಸೀಟ್ ಬೆಲ್ಟ್ ಎಳೆದುಕೊಳ್ಳುವಾಗ ಅದರ ಲೋಹದ ನಾಲಿಗೆ ಮೊಣಕೈಗೆ ತಾಗಿ ಚುರ್ ಅನ್ನುತ್ತದೆ. ಸ್ಟೀರಿಂಗ್ ಅಂತೂ ಕಾದ ಹೆಂಚು. ಎರಡು ಬೆರಳಲ್ಲಿ ಹಿಡಿದು ಹೇಗೋ ಕಾರು ಹೊರಗೆ ತೆಗೆಯುತ್ತೀರಿ. ಇದೆಲ್ಲ ಗೊತ್ತಿರುವುದೇ, ಅಲ್ವಾ?

ಆಗ ಎಲ್ಲರಿಗೂ ಏನಾದರೂ ಕೊಂಡು ಹಾಕಿಸಬೇಕು ಅನ್ನಿಸುತ್ತದೆ. ಗಾಜಿಗೆ ಫಿಲ್ಮ್ ಹಾಕಿಸಲೇ, ಸನ್‌ಶೇಡ್ ಸಾಕೇ? ಟೈರಿಗೆ ನೈಟ್ರೋಜನ್ ತುಂಬಿಸಲೇ? ಎಸಿಗೆ ಗ್ಯಾಸ್ ಹಾಕಿಸಲೇ? ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ನಾನು ಎರಡು ವಿಷಯ ನೋಡಿ ಆರಿಸುತ್ತೇನೆ. ಮೊದಲನೆಯದು, ಇದು ಬಿಸಿಯನ್ನು ಬಾಗಿಲಲ್ಲೇ ತಡೆಯುತ್ತದೆಯೋ ಅಥವಾ ಒಳಗೆ ಬಂದ ಮೇಲೆ ಓಡಿಸಲು ಒದ್ದಾಡುತ್ತದೆಯೋ? ಬಾಗಿಲಲ್ಲೇ ತಡೆಯುವುದು ಯಾವಾಗಲೂ ಅಗ್ಗ. ಎರಡನೆಯದು, ಇದು ನನ್ನ ಸೆಖೆಗೋ ಕಾರಿನ ಸೆಖೆಗೋ? ನನಗೆ ಸೆಖೆಯಾದರೆ ಬೆವರುತ್ತೇನೆ, ಅಷ್ಟೇ. ಕಾರಿಗೆ ಸೆಖೆಯಾದರೆ ಅದು ನಡುದಾರಿಯಲ್ಲಿ ನಿಲ್ಲುತ್ತದೆ. ದುಡ್ಡು ಕಡಿಮೆ ಇದ್ದರೆ ಟೈರು, ಕೂಲೆಂಟ್ (ಎಂಜಿನ್ ತಣಿಸುವ ದ್ರವ), ಬ್ಯಾಟರಿಗೆ ಮೊದಲು ಹಾಕಿ. ಫಿಲ್ಮ್ ಆಮೇಲೆ.

ಆದರೂ ಎಲ್ಲರೂ ಮೊದಲು ಕೇಳುವುದು ಒಳಗಿನ ಧಗೆಯ ಬಗ್ಗೆಯೇ. ಅಲ್ಲಿಂದಲೇ ಶುರು ಮಾಡೋಣ.

ನೆರಳು, ಸನ್‌ಶೇಡ್, ಹೊದಿಕೆ

2018ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಹೊರಗೆ 38 ಡಿಗ್ರಿ ಸೆಲ್ಸಿಯಸ್ ದಾಟಿದ ದಿನಗಳಲ್ಲಿ ಕಾರುಗಳನ್ನು ಬಿಸಿಲಲ್ಲೂ ನೆರಳಲ್ಲೂ ನಿಲ್ಲಿಸಿ ಅಳತೆ ಮಾಡಿದ್ದರು. ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರಿನ ಒಳಗಿನ ಗಾಳಿ ಸುಮಾರು 47 ಡಿಗ್ರಿ. ಸ್ಟೀರಿಂಗ್ 53, ಸೀಟು 51, ಡ್ಯಾಶ್‌ಬೋರ್ಡ್ 69. ನೆರಳಲ್ಲಿ ನಿಂತ ಕಾರಿನಲ್ಲಿ ಗಾಳಿ 38, ಸ್ಟೀರಿಂಗ್ 42, ಸೀಟು 41, ಡ್ಯಾಶ್‌ಬೋರ್ಡ್ 48.

ಡ್ಯಾಶ್‌ಬೋರ್ಡಿನ ಅಂಕಿಯನ್ನೇ ನೋಡಿ. 21 ಡಿಗ್ರಿ ವ್ಯತ್ಯಾಸ, ಅದೂ ಬಿಟ್ಟಿಯಾಗಿ. ಹಾಗಾಗಿ ನೆರಳು ಸಿಗುವುದಾದರೆ ನೂರು ಹೆಜ್ಜೆ ಜಾಸ್ತಿ ನಡೆಯುವುದೇ ನನ್ನ ಮೊದಲ ಆಯ್ಕೆ. ಆದರೆ ನೆರಳು ಸರಿಯುತ್ತದೆ. ನಿಲ್ಲಿಸುವ ಹೊತ್ತಿನ ನೆರಳಲ್ಲ, ಮಧ್ಯಾಹ್ನದ ಮೇಲೆ ಎಲ್ಲಿ ಬೀಳುತ್ತದೆ ಎಂದು ನೋಡಿ ನಿಲ್ಲಿಸಿ. ಮರದ ನೆರಳಿಗಿಂತ ಕಟ್ಟಡದ ನೆರಳು ಒಳ್ಳೆಯದು. ಮರದಡಿ ನಿಂತರೆ ಅಂಟು, ಹಕ್ಕಿ ಹಿಕ್ಕೆ ಎರಡೂ ಬೀಳುತ್ತವೆ. ಬಿಸಿ ಲೋಹದ ಮೇಲೆ ಒಣಗಿದ ಹಿಕ್ಕೆ ಬಣ್ಣವನ್ನೇ ತಿನ್ನುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಮರದಡಿಯೇ ನಿಲ್ಲಿಸಿ, ಅದೇ ದಿನ ಒದ್ದೆ ಬಟ್ಟೆಯಲ್ಲಿ ನೆನೆಸಿ ಒರೆಸಿಬಿಡಿ. ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಖಂಡಿತ.

ನೆರಳೇ ಇಲ್ಲದ ಜಾಗವಾದರೆ? ಗಾಜಿನ ಒಳಗೆ ಇಡುವ ಸನ್‌ಶೇಡ್ ಒಂದು ದಾರಿ, ಹೊರಗಿನಿಂದ ಹೊದಿಸುವ ಹೊದಿಕೆ ಇನ್ನೊಂದು.

ಗಾಜು ಬಿಸಿಲನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಒಳಗಿನ ಸೀಟು, ಡ್ಯಾಶ್‌ಬೋರ್ಡ್ ಆ ಬಿಸಿಲು ಕುಡಿದು ಕಾಯುತ್ತವೆ. ಕಾದ ವಸ್ತುಗಳು ಹೊರಬಿಡುವ ಶಾಖವನ್ನು ಮಾತ್ರ ಗಾಜು ಅಷ್ಟು ಸುಲಭವಾಗಿ ಆಚೆ ಬಿಡುವುದಿಲ್ಲ. ಒಳಗೆ ಇಡುವ ಸನ್‌ಶೇಡ್ ಕೆಲಸ ಶುರು ಮಾಡುವುದು ಬಿಸಿಲು ಗಾಜು ದಾಟಿದ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಎಂದು ಪೂರ್ತಿ ತಳ್ಳಿಹಾಕುವಂತಿಲ್ಲ. ಅದರ ಹೊಳೆಯುವ ಮೈ ಬಿಸಿಲಿನ ಒಂದು ಪಾಲನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ. ಸ್ಟೀರಿಂಗ್ ಮುಟ್ಟುವ ಹಾಗಿರುತ್ತದೆ, ಡ್ಯಾಶ್‌ಬೋರ್ಡ್ ಬಿರುಕು ಬಿಡುವುದು ತಡವಾಗುತ್ತದೆ. ಆದರೆ ಇಡೀ ಕಾರು ತಂಪಾಗಿರುತ್ತದೆ ಎಂದು ಕಾಯಬೇಡಿ. ಪಕ್ಕದ ಗಾಜು, ಹಿಂದಿನ ಗಾಜು, ಚಾವಣಿ ಎಲ್ಲ ಹಾಗೇ ಇವೆಯಲ್ಲ.

ಹೊರಗಿನ ಹೊದಿಕೆ ಬಿಸಿಲನ್ನು ಗಾಜು ಮುಟ್ಟುವ ಮೊದಲೇ ತಡೆಯುತ್ತದೆ. ತಡೆಯುವ ಲೆಕ್ಕದಲ್ಲಿ ಇದೇ ಮೇಲು. ಕಷ್ಟ ಇರುವುದು ಬಳಕೆಯಲ್ಲಿ. ದಿನಾ ಹೊದಿಸಿ ತೆಗೆಯುವ ತಾಳ್ಮೆ ಎಷ್ಟು ಜನಕ್ಕಿದೆ? ಧೂಳು ಕೂತ ಕಾರಿಗೆ ಹೊದಿಸಿದರೆ ಬಟ್ಟೆಯೇ ಉಪ್ಪುಕಾಗದದ ಹಾಗೆ ಬಣ್ಣ ಉಜ್ಜುತ್ತದೆ. ಗಾಳಿ ಬೀಸಿದರಂತೂ ಇನ್ನೂ ಜಾಸ್ತಿ. ನನ್ನ ಲೆಕ್ಕ ಹೀಗೆ: ದಿನಾ ಕೆಲವು ಗಂಟೆ ನಿಲ್ಲಿಸುವವರಿಗೆ ಸನ್‌ಶೇಡ್, ವಾರಗಟ್ಟಲೆ ಕಾರು ಮುಟ್ಟದವರಿಗೆ ಹೊದಿಕೆ. ಹೊದಿಕೆ ತಿಳಿ ಬಣ್ಣದ್ದಿರಲಿ, ಗಾಳಿಯಾಡುವ ಬಟ್ಟೆಯದ್ದಿರಲಿ. ಸನ್‌ಶೇಡ್ ಕೊಳ್ಳುವಾಗ ನಿಮ್ಮ ಕಾರಿನ ಮುಂದಿನ ಗಾಜಿನ ಅಳತೆಗೆ ಸರಿಯಾಗಿರುವುದನ್ನೇ ಕೊಳ್ಳಿ, ಮೂಲೆಗಳಲ್ಲಿ ಸಂದು ಬಿಡಬಾರದು. ಹೊಳೆಯುವ ಮೈ ಹೊರಗೆ ಇರಬೇಕು. ಇದನ್ನು ಉಲ್ಟಾ ಇಡುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕಿಟಕಿ ಸ್ವಲ್ಪ ಇಳಿಸಿಟ್ಟರೆ ಸಾಕು ಎನ್ನುವ ನಂಬಿಕೆ ಒಂದಿದೆ. 2005ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನ ಇದನ್ನೂ ನೋಡಿತ್ತು. ನಿಲ್ಲಿಸಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಏರಿತು. ಆ ಏರಿಕೆಯ ನೂರಕ್ಕೆ 80 ಪಾಲು ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಕಿಟಕಿ ಸ್ವಲ್ಪ ಇಳಿಸಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಮಗುವನ್ನೋ ನಾಯಿಯನ್ನೋ ಕಾರಿನಲ್ಲಿ ಬಿಟ್ಟು ‘ಈಗ ಬಂದೆ’ ಎಂದು ಹೋಗುವುದನ್ನು ಯಾವ ಸನ್‌ಶೇಡ್, ಯಾವ ಫಿಲ್ಮ್ ಇದ್ದರೂ ಮಾಡಬೇಡಿ. ಮಗುವಿನ ಮೈ ದೊಡ್ಡವರದ್ದಕ್ಕಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ.

ಹೊಸ ಕಾರು ಕೊಳ್ಳುವವರಿಗೆ ಒಂದು ಮಾತು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 2011ರಲ್ಲಿ ಒಂದು ಕಪ್ಪು, ಒಂದು ಬೆಳ್ಳಿ ಬಣ್ಣದ ಕಾರನ್ನು ಬಿಸಿಲಲ್ಲಿ ಅಕ್ಕಪಕ್ಕ ನಿಲ್ಲಿಸಿ ನೋಡಿದ್ದರು. ಬೆಳ್ಳಿ ಬಣ್ಣದ ಕಾರಿನ ಚಾವಣಿ 25 ಡಿಗ್ರಿಯಷ್ಟು, ಒಳಗಿನ ಗಾಳಿ 5ರಿಂದ 6 ಡಿಗ್ರಿಯಷ್ಟು ತಂಪಾಗಿತ್ತು. ಕಪ್ಪು ಕಾರು ಚೆಂದ, ನಿಜ. ಆ ಚೆಂದಕ್ಕೆ ಪ್ರತಿ ಬೇಸಿಗೆಯೂ ಬಾಡಿಗೆ ಕಟ್ಟಬೇಕು.

ಫಿಲ್ಮ್: ಕಪ್ಪಗಿದ್ದರೆ ತಂಪೇ?

ಅಲ್ಲ. ನೆಲಕ್ಕೆ ಬೀಳುವ ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳದ್ದು. ಕಪ್ಪು ಬಣ್ಣ ತಡೆಯುವುದು ಮುಖ್ಯವಾಗಿ ಕಣ್ಣಿಗೆ ಕಾಣುವ ಬೆಳಕನ್ನು. ಗಾಜು ಎಷ್ಟು ಕಪ್ಪಗೆ ಕಾಣುತ್ತದೆ ಎನ್ನುವುದರಿಂದ ಒಳಗೆ ಎಷ್ಟು ತಂಪು ಎನ್ನುವುದು ಗೊತ್ತಾಗುವುದಿಲ್ಲ.

ಅಗ್ಗದ ಬಣ್ಣದ ಫಿಲ್ಮ್ ಬೆಳಕು ತಗ್ಗಿಸುತ್ತದೆ, ಶಾಖವನ್ನು ಅಷ್ಟಾಗಿ ತಡೆಯುವುದಿಲ್ಲ. ಕೆಲವು ವರ್ಷಕ್ಕೆ ನೇರಳೆಗೆ ತಿರುಗಿ ಗುಳ್ಳೆ ಏಳುತ್ತದೆ. ಲೋಹದ ಪದರ ಇರುವ ಫಿಲ್ಮ್ ಶಾಖವನ್ನು ಚೆನ್ನಾಗಿ ತಡೆಯುತ್ತದೆ. ಆದರೆ ಮೊಬೈಲ್ ಸಿಗ್ನಲ್, ಜಿಪಿಎಸ್, ಟೋಲ್ ಟ್ಯಾಗ್‌ಗೆ ಅಡ್ಡ ಬರಬಹುದು. ಸೆರಾಮಿಕ್ ಫಿಲ್ಮ್ ತಿಳಿಯಾಗಿದ್ದೂ ಇನ್‌ಫ್ರಾರೆಡ್ ತಡೆಯುತ್ತದೆ, ಸಿಗ್ನಲ್‌ಗೂ ತೊಂದರೆ ಕೊಡುವುದಿಲ್ಲ. ಬೆಲೆ ಮಾತ್ರ ಎಲ್ಲಕ್ಕಿಂತ ಜಾಸ್ತಿ.

ಅಂಗಡಿಯಲ್ಲಿ ‘ನೂರಕ್ಕೆ ಇಷ್ಟು ಇನ್‌ಫ್ರಾರೆಡ್ ತಡೆಯುತ್ತದೆ’ ಎಂದು ದೊಡ್ಡ ಅಂಕಿ ತೋರಿಸುತ್ತಾರೆ. ಅದು ಅರ್ಧ ಕತೆ. ಒಟ್ಟು ಸೌರಶಕ್ತಿಯಲ್ಲಿ ಎಷ್ಟು ಪಾಲು ತಡೆಯುತ್ತದೆ ಎಂದು ಕೇಳಿ. ಎರಡು ಫಿಲ್ಮ್ ಹೋಲಿಸಲು ಆ ಅಂಕಿಯೇ ಸರಿ.

ಕೊಳ್ಳುವ ಮುಂಚೆ ನಿಮ್ಮಲ್ಲಿಯ ಕಾನೂನು ನೋಡಿ. ಗಾಜಿನಿಂದ ಎಷ್ಟು ಬೆಳಕು ಒಳಗೆ ಬರಬೇಕು ಎಂಬ ಮಿತಿ ದೇಶದಿಂದ ದೇಶಕ್ಕೆ ಬೇರೆ, ಮುಂದಿನ ಗಾಜಿಗೂ ಹಿಂದಿನ ಗಾಜಿಗೂ ಬೇರೆ. ಕಾನೂನು ಒಪ್ಪುವುದಾದರೆ ನಾನು ಎಲ್ಲ ಗಾಜಿಗೂ ಅಗ್ಗದ ಕಪ್ಪು ಫಿಲ್ಮ್ ಹಾಕಿಸುವ ಬದಲು ಮುಂದಿನ ಗಾಜೊಂದಕ್ಕೆ ತಿಳಿ ಸೆರಾಮಿಕ್ ಹಾಕಿಸುತ್ತೇನೆ. ಅತಿ ದೊಡ್ಡ ಗಾಜು ಅದೇ, ಹೆಚ್ಚು ಓರೆಯಾಗಿ ಬಿಸಿಲಿಗೆ ಮೈಯೊಡ್ಡುವುದೂ ಅದೇ. ಕಾನೂನು ಒಪ್ಪದಿದ್ದರೆ ಸನ್‌ಶೇಡ್ ಇದ್ದೇ ಇದೆ.

ಎಸಿ ಹಾಕುವ ರೀತಿ, ಗ್ಯಾಸ್ ಎಂಬ ಗೊಂದಲ

ಕಾದ ಕಾರಿಗೆ ಹತ್ತಿ, ಗಾಜು ಮುಚ್ಚಿ, ಎಸಿಯನ್ನು ಫುಲ್ ಇಟ್ಟು ಕಾಯುವುದು ಒಂದು ರೀತಿ. ಗಾಜು ಇಳಿಸಿ ಒಂದೆರಡು ನಿಮಿಷ ಓಡಿಸಿ, ಆಮೇಲೆ ಮುಚ್ಚುವುದು ಇನ್ನೊಂದು. ಎರಡನೆಯದೇ ಸರಿ. ಒಳಗೆ 47 ಡಿಗ್ರಿ, ಹೊರಗೆ 40 ಡಿಗ್ರಿ ಇದ್ದರೆ ಹೊರಗಿನ ಗಾಳಿಯೇ ತಂಪು. ಬಿಸಿ ಗಾಳಿಯನ್ನು ಆಚೆ ತಳ್ಳುವ ಬದಲು ಅದನ್ನೇ ತಣಿಸುತ್ತಾ ಕೂತರೆ ಎಸಿಗೆ ದುಪ್ಪಟ್ಟು ಕೆಲಸ. ಹತ್ತುವ ಮುಂಚೆ ಎದುರು ಬದಿಯ ಕಿಟಕಿ ಇಳಿಸಿ, ನಿಮ್ಮ ಕಡೆಯ ಬಾಗಿಲನ್ನು ಐದಾರು ಸಲ ಬೀಸಣಿಗೆಯ ಹಾಗೆ ಬೀಸಿ. ನೋಡಿದವರು ನಗಬಹುದು. ಆದರೆ ಒಳಗಿನ ಬಿಸಿಗಾಳಿ ಅಷ್ಟರಲ್ಲೇ ಬಹಳ ಹೊರಗೆ ಹೋಗಿರುತ್ತದೆ.

ಒಳಗೆ ತಣ್ಣಗಾದ ಮೇಲೆ ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಿ. ಆಗ ಎಸಿ ಈಗಾಗಲೇ ತಂಪಾದ ಗಾಳಿಯನ್ನು ಮತ್ತೆ ತಂಪು ಮಾಡುತ್ತದೆ, ದಣಿಯುವುದಿಲ್ಲ. ದೂರದ ಪ್ರಯಾಣದಲ್ಲಿ ಆಗಾಗ ಹೊರಗಿನ ಗಾಳಿಗೆ ತಿರುಗಿಸಿ. ನಾಲ್ಕೈದು ಜನ ಮುಚ್ಚಿದ ಗಾಜಿನೊಳಗೆ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಏರಿ ಡ್ರೈವರ್‌ಗೆ ತೂಕಡಿಕೆ ಬರುತ್ತದೆ.

ಮೈಲೇಜ್ ಲೆಕ್ಕದಲ್ಲಿ ಎಸಿಯೋ ಕಿಟಕಿಯೋ? ಸಿಟಿಯ ನಿಧಾನ ವೇಗದಲ್ಲಿ ಕಿಟಕಿ ತೆಗೆದರೆ ಇಂಧನ ಉಳಿತಾಯ. ಹೆದ್ದಾರಿಯ ವೇಗದಲ್ಲಿ ತೆರೆದ ಕಿಟಕಿ ಗಾಳಿಯನ್ನು ಹಿಡಿದೆಳೆಯುತ್ತದೆ, ಅಲ್ಲಿ ಎಸಿಯೇ ವಾಸಿ. ಬೆಂಕಿ ಬಿಸಿಲಲ್ಲಿ ಮಾತ್ರ ಈ ಲೆಕ್ಕ ಬಿಟ್ಟುಬಿಡಿ. ಡ್ರೈವರ್ ತಲೆ ತಣ್ಣಗಿರುವುದು ಮುಖ್ಯ.

ಇನ್ನು ಗ್ಯಾಸ್. ‘ಬೇಸಿಗೆ ಬಂತು, ಗ್ಯಾಸ್ ಹಾಕಿಸಿ’ ಎಂದು ಪ್ರತಿ ವರ್ಷ ಹೇಳುವವರಿದ್ದಾರೆ. ಎಸಿ ಗ್ಯಾಸ್ ಪೆಟ್ರೋಲ್ ಅಲ್ಲ, ಉರಿದು ಖಾಲಿಯಾಗುವುದಿಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಲೇ ಇರುತ್ತದೆ. ಒಂದೇ ವರ್ಷಕ್ಕೆ ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಎಸಿ ದುರ್ಬಲ ಅನ್ನಿಸಿದರೆ ಮೊದಲು ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಬಹಳ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ, ಸ್ಕ್ರೂಡ್ರೈವರ್ ಕೂಡ ಬೇಕಾಗುವುದಿಲ್ಲ. ಎಲೆ, ಕೂದಲು, ಧೂಳು ಮೆತ್ತಿ ಬೂದು ಕಂಬಳಿಯ ಹಾಗೆ ಆಗಿದ್ದರೆ ತಪ್ಪು ಗ್ಯಾಸಿನದ್ದಲ್ಲ. ಆಮೇಲೆ ಮುಂದಿನ ಜಾಲರಿಯ ಹಿಂದಿರುವ, ಎಸಿಯ ಬಿಸಿಯನ್ನು ಹೊರಹಾಕುವ ಕಂಡೆನ್ಸರ್ ನೋಡಿ. ಸಾಧಾರಣ ಪೈಪಿನ ನೀರಲ್ಲಿ ಮೆಲ್ಲಗೆ ತೊಳೆಯಬಹುದು. ಜೋರು ಒತ್ತಡದ ಜೆಟ್ ಹಿಡಿದರೆ ಅದರ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ನಿಜಕ್ಕೂ ಗ್ಯಾಸ್ ಹಾಕಿಸಬೇಕಾದರೆ ಬಾನೆಟ್ ಒಳಗಿನ ಚೀಟಿ ಓದಿ. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ಆರ್-134ಎ, ಹೊಸವುಗಳಲ್ಲಿ ಹಲವಕ್ಕೆ ಆರ್-1234ವೈಎಫ್. ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಿಗೆ ಹಳೆಯ ಆರ್-134ಎ ಹಾಕುವ ಹಾಗಿಲ್ಲ. ಒಂದರ ಬದಲು ಇನ್ನೊಂದನ್ನು ತುಂಬಿಸಬೇಡಿ.

ಕೂಲೆಂಟ್ ಮತ್ತು ನೀರು

ಇಲ್ಲಿ ನಾನು ಸ್ವಂತ ಖರ್ಚಿನಲ್ಲಿ ಪಾಠ ಕಲಿತವನು. ನನ್ನ ಹಿಂದಿನ ಕಾರಿನಲ್ಲಿ ಕೂಲೆಂಟ್ ಸ್ವಲ್ಪ ಇಳಿದಿತ್ತು. ಗ್ಯಾರೇಜಿನಲ್ಲಿ ಒಬ್ಬರು ‘ನೀರು ಹಾಕಿದ್ದೀನಿ, ಏನೂ ಆಗಲ್ಲ’ ಎಂದರು. ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಮತ್ತೆ ಇಳಿದಾಗ ನಾನೇ ನಲ್ಲಿ ನೀರು ಸುರಿದೆ. ಮುಂದಿನ ಬೇಸಿಗೆಯಲ್ಲಿ ಒಂದು ಏರು ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೆ ಹೋಗಲು ಶುರುವಾಯಿತು. ತಣ್ಣಗಾದ ಮೇಲೆ ಮುಚ್ಚಳ ತೆಗೆದು ನೋಡಿದರೆ ಕೆಮ್ಮಣ್ಣು ಕದಡಿದ ಹಾಗೆ ನೀರು. ಬೆರಳು ಅದ್ದಿದರೆ ತುದಿಗೆ ತುಕ್ಕಿನ ಪುಡಿ ಅಂಟಿಕೊಂಡಿತು. ಕೂಲೆಂಟಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ಸಿಕ್ಕಿಹಾಕಿಕೊಂಡಿತ್ತು, ರೇಡಿಯೇಟರಿನ ಸಣ್ಣ ಕೊಳವೆಗಳು ಕಟ್ಟಿದ್ದವು. ಎರಡನ್ನೂ ಬದಲಿಸಬೇಕಾಯಿತು.

ಹಾಗೆಂದು ನೀರು ಕೆಲಸಕ್ಕೆ ಬಾರದ್ದು ಎಂದಲ್ಲ. ಶಾಖ ಹೊರುವುದರಲ್ಲಿ ಬರೀ ನೀರು ಕೂಲೆಂಟ್ ಮಿಶ್ರಣಕ್ಕಿಂತ ಮುಂದೆಯೇ. ಆದರೆ ಅದು 100 ಡಿಗ್ರಿಗೆ ಕುದಿಯುತ್ತದೆ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ (ಕೂಲೆಂಟಿನ ಮೂಲ ದ್ರವ) ಇರುವ ಮಿಶ್ರಣ ಸುಮಾರು 107 ಡಿಗ್ರಿಗೆ. ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟಾಗ ಎರಡೂ ಇನ್ನಷ್ಟು ಮೇಲೆ ಹೋಗುತ್ತವೆ. 15 ಪಿಎಸ್‌ಐ ಒತ್ತಡ ಹಿಡಿಯುವ ಮುಚ್ಚಳದ ಅಡಿಯಲ್ಲಿ ಮಿಶ್ರಣ 129 ಡಿಗ್ರಿಯ ತನಕ ಕುದಿಯದೆ ನಿಲ್ಲುತ್ತದೆ. ಅಂದರೆ ಸಡಿಲವಾದ, ರಬ್ಬರ್ ಸೀಳಿದ ಮುಚ್ಚಳ ಇದ್ದರೆ ಎಷ್ಟು ಒಳ್ಳೆಯ ಕೂಲೆಂಟ್ ಹಾಕಿದರೂ ಅರ್ಧ ದಂಡ. ಮುಚ್ಚಳ ಅಗ್ಗದ ಸಾಮಾನು, ಹಳೆಯದಾಗಿದ್ದರೆ ಬದಲಿಸಿಬಿಡಿ. ಕೂಲೆಂಟಿನ ಇನ್ನೊಂದು ಕೆಲಸ ತುಕ್ಕು ತಡೆಯುವುದು. ನಾನು ನಿರ್ಲಕ್ಷ್ಯ ಮಾಡಿದ್ದು ಅದನ್ನೇ.

ಗಟ್ಟಿ ಕೂಲೆಂಟ್ ಕೊಂಡು ನಾವೇ ಬೆರೆಸುವುದೋ, ಬೆರೆಸಿದ್ದನ್ನೇ ಕೊಳ್ಳುವುದೋ? ಗಟ್ಟಿಯದ್ದು ಅಗ್ಗ ಬೀಳುತ್ತದೆ, ಆದರೆ ಡಿಸ್ಟಿಲ್ಡ್ ವಾಟರ್ ಬೇಕು, ಅಳತೆ ಸರಿಯಿರಬೇಕು. ನಲ್ಲಿ ನೀರಿನ ಸುಣ್ಣ ಒಳಗೆ ಪದರ ಕಟ್ಟುತ್ತದೆ. ‘ಕೂಲೆಂಟ್ ಜಾಸ್ತಿ ಹಾಕಿದರೆ ಜಾಸ್ತಿ ತಂಪು’ ಎನ್ನುವುದೂ ತಪ್ಪು, ಗ್ಲೈಕಾಲ್ ಏರಿದಷ್ಟೂ ಶಾಖ ಹೊರುವ ಶಕ್ತಿ ಇಳಿಯುತ್ತದೆ. ನಾನು ಈಗ ಬೆರೆಸಿದ್ದನ್ನೇ ಕೊಳ್ಳುತ್ತೇನೆ. ಟಾಪ್-ಅಪ್ ಮಾಡುವಾಗ ತಲೆನೋವಿಲ್ಲ.

ಬಣ್ಣ ನೋಡಿ ಮಾತ್ರ ಕೊಳ್ಳಬೇಡಿ. ಹಸಿರು, ಗುಲಾಬಿ, ಕಿತ್ತಳೆ ಎಲ್ಲ ತಯಾರಕರು ಹಾಕುವ ಬಣ್ಣ, ಅದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಕೈಪಿಡಿಯಲ್ಲಿ ಹೇಳಿದ ಜಾತಿಯ ಕೂಲೆಂಟ್ ಹಾಕಿ. ಬೇರೆ ಬೇರೆ ಜಾತಿ ಬೆರೆತರೆ ತುಕ್ಕು ತಡೆಯುವ ಗುಣ ಹಾಳಾಗುತ್ತದೆ, ಕೆಲವೊಮ್ಮೆ ಲೋಳೆ ಕಟ್ಟುತ್ತದೆ.

ಎಂಜಿನ್ ಆಯಿಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 5ಡಬ್ಲ್ಯು-30 ಎಂಬಲ್ಲಿ ಕೊನೆಯ ಅಂಕಿ ಬಿಸಿಯಲ್ಲಿ ಎಣ್ಣೆ ಎಷ್ಟು ದಪ್ಪ ಇರುತ್ತದೆ ಎಂದು ತಿಳಿಸುತ್ತದೆ. ಬೇಸಿಗೆ ಎಂದು 30ರ ಬದಲು 40 ಹಾಕಿಸಬಹುದೇ? ನಿಮ್ಮ ಹವಾಮಾನಕ್ಕೆ ಅದೂ ಸರಿ ಎಂದು ಕೈಪಿಡಿ ಹೇಳಿದ್ದರೆ ಹಾಕಿಸಿ, ಇಲ್ಲವಾದರೆ ಬೇಡ. ಮಿನರಲ್‌ಗಿಂತ ಸಿಂಥೆಟಿಕ್ ಎಣ್ಣೆ ಬಿಸಿಗೆ ನಿಧಾನವಾಗಿ ಕೆಡುತ್ತದೆ, ಅದು ನಿಜ. ಆದರೆ ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಕೆಳಗಿನ ಗೆರೆಗಿಂತ ಇಳಿದಿದ್ದರೆ ಯಾವ ದುಬಾರಿ ಎಣ್ಣೆಯೂ ಕಾಪಾಡುವುದಿಲ್ಲ.

ಬ್ಯಾಟರಿ

ಬ್ಯಾಟರಿ ಕೈಕೊಡುವುದು ಚಳಿಯಲ್ಲಿ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಅದನ್ನು ಒಳಗೊಳಗೇ ಕೊಲ್ಲುವುದು ಬೇಸಿಗೆ. ಲೆಡ್-ಆಸಿಡ್ ಬ್ಯಾಟರಿಯ ಮಟ್ಟಿಗೆ ಬಳಕೆಯಲ್ಲಿರುವ ಲೆಕ್ಕ ಹೀಗಿದೆ: 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಏರಿದಂತೆ ಆಯಸ್ಸು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಬಾನೆಟ್ ಅಡಿ ಎಷ್ಟು ಬಿಸಿ ಇರುತ್ತದೆ ಎಂದು ನೀವೇ ಯೋಚಿಸಿ.

ನೀರು ಹಾಕುವ ಹಳೆಯ ಮಾದರಿ, ಸೀಲ್ ಮಾಡಿದ ಮಾದರಿ, ಆಸಿಡ್ಡನ್ನು ಗಾಜಿನ ನಾರಿನ ಹಾಸಿನಲ್ಲಿ ಹಿಡಿದಿಡುವ ಎಜಿಎಂ. ಇವುಗಳಲ್ಲಿ ಯಾವುದು? ನೀರು ಹಾಕುವ ಬ್ಯಾಟರಿ ಅಗ್ಗ. ಧಗೆಗೆ ನೀರು ಆರಿದರೂ ಮತ್ತೆ ತುಂಬಬಹುದು. ತಿಂಗಳಿಗೊಮ್ಮೆ ನೋಡುವ ಅಭ್ಯಾಸ ಇರುವವರಿಗೆ ಇದು ಒಳ್ಳೆಯ ಆಯ್ಕೆ. ನೋಡುವುದೇ ಇಲ್ಲ ಎನ್ನುವವರು ಸೀಲ್ ಮಾಡಿದ್ದು ತೆಗೆದುಕೊಳ್ಳಿ. ಎಜಿಎಂ ಗಟ್ಟಿಮುಟ್ಟು, ಮತ್ತೆ ಮತ್ತೆ ಚಾರ್ಜ್ ಆಗುವುದನ್ನು ತಾಳಿಕೊಳ್ಳುತ್ತದೆ, ಆದರೆ ಒಮ್ಮೆ ಒಣಗಿದರೆ ನೀರು ತುಂಬುವ ದಾರಿಯಿಲ್ಲ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ಸ್ಟಾರ್ಟ್ ಆಗುವ ಕಾರಿಗೆ ಎಜಿಎಂ ಅಥವಾ ಇಎಫ್‌ಬಿ (ನೀರಿನ ಬ್ಯಾಟರಿಯ ಸುಧಾರಿತ ಮಾದರಿ) ಬೇಕೇ ಬೇಕು. ಅಲ್ಲಿ ಅಗ್ಗದ್ದು ಹಾಕಿದರೆ ಬೇಗ ಸಾಯುತ್ತದೆ. ಹಳೆಯ ಸಾದಾ ಕಾರಿಗೆ ಎಜಿಎಂ ಹಾಕುವುದು ಮಾತ್ರ ಮೂಗಿಗಿಂತ ಮೂಗುತಿ ಭಾರ.

ಬ್ಯಾಟರಿ ಸುತ್ತ ಶಾಖ ತಡೆಯುವ ಕವಚ ಇದ್ದರೆ ಅದನ್ನು ಬಿಸಾಡಬೇಡಿ. ಬ್ಯಾಟರಿ ಬದಲಿಸುವಾಗ ‘ಇದು ಬೇಡ’ ಎಂದು ತೆಗೆದಿಡುವವರಿದ್ದಾರೆ. ಹೊರಡುವ ಮುಂಚೆ ಪರೀಕ್ಷೆ ಸುಲಭ. ರಾತ್ರಿಯಿಡೀ ನಿಂತ ಕಾರಿನಲ್ಲಿ ಮಲ್ಟಿಮೀಟರ್ ಹಿಡಿದರೆ 12.6 ವೋಲ್ಟ್ ಹತ್ತಿರ ಇರಬೇಕು. 12.2 ಇದ್ದರೆ ಅರ್ಧ ಖಾಲಿ.

ಟೈರು: ನೈಟ್ರೋಜನ್ ಬೇಕೇ?

ನನ್ನ ಉತ್ತರ, ಬೇಡ. ಸಿಕ್ಕರೆ ತೊಂದರೆಯಿಲ್ಲ, ದುಡ್ಡು ಕೊಟ್ಟು ಹುಡುಕಿಕೊಂಡು ಹೋಗಬೇಡಿ. ಸಾದಾ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಬಿಸಿಗೆ ಹಿಗ್ಗುವುದರಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಏನೂ ಇಲ್ಲ. ನೈಟ್ರೋಜನ್‌ನಲ್ಲಿ ತೇವ ಇರುವುದಿಲ್ಲ, ಸ್ವಲ್ಪ ನಿಧಾನವಾಗಿ ಸೋರುತ್ತದೆ. ಲಾಭ ಅಷ್ಟೇ. ಹದಿನೈದು ದಿನಕ್ಕೊಮ್ಮೆ ಗಾಳಿ ನೋಡುವವರಿಗೆ ಅದೂ ಲೆಕ್ಕಕ್ಕಿಲ್ಲ. ನೈಟ್ರೋಜನ್ ಹಾಕಿಸಿ ಮೂರು ತಿಂಗಳು ಮರೆತವರಿಗಿಂತ ಸಾದಾ ಗಾಳಿ ಹಾಕಿಸಿ ಆಗಾಗ ನೋಡುವವರೇ ಸುರಕ್ಷಿತ.

ಯಾವ ಗಾಳಿ ಎನ್ನುವುದಕ್ಕಿಂತ ಯಾವಾಗ ನೋಡುತ್ತೀರಿ ಎನ್ನುವುದು ದೊಡ್ಡದು. ಟೈರಿನ ಬಿಸಿ ಸುಮಾರು ಐದೂವರೆ ಡಿಗ್ರಿ ಏರಿದರೆ ಒತ್ತಡ 1 ಪಿಎಸ್‌ಐ ಏರುತ್ತದೆ. ಬೆಳಿಗ್ಗೆ 33 ಇದ್ದದ್ದು ಹೆದ್ದಾರಿಯಲ್ಲಿ ಒಂದು ಗಂಟೆ ಓಡಿದ ಮೇಲೆ 37, 38 ತೋರಿಸಿದರೆ ಅದು ಸಹಜ. ಟೈರು ತಯಾರಿಸಿದವರು ಆ ಏರಿಕೆಯನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ. ‘ಬೇಸಿಗೆ, ಗಾಳಿ ಕಡಿಮೆ ಇರಲಿ’ ಎಂದು ಬಿಸಿ ಟೈರಿನಿಂದ ಗಾಳಿ ಬಿಡುವುದು ಅತಿ ಸಾಮಾನ್ಯ ತಪ್ಪು, ಅಪಾಯದ್ದೂ ಹೌದು. ಗಾಳಿ ಕಡಿಮೆಯಾದರೆ ಟೈರಿನ ಪಕ್ಕ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುತ್ತದೆ. ಆ ಮಡಚುವಿಕೆಯೇ ಶಾಖ ಹುಟ್ಟಿಸುತ್ತದೆ. ಒಂದು ತಂತಿಯನ್ನು ಹತ್ತು ಸಲ ಬಗ್ಗಿಸಿ ಮುಟ್ಟಿ ನೋಡಿ, ಅರ್ಥವಾಗುತ್ತದೆ. ಬಿಸಿ ರಸ್ತೆ, ತುಂಬಿದ ಕಾರು, ಜೋರು ವೇಗ ಮೂರೂ ಸೇರಿದಾಗ ಟೈರು ಸಿಡಿಯುವುದು ಹೀಗೆಯೇ.

ಬೆಳಿಗ್ಗೆ, ಕಾರು ಓಡಿಸುವ ಮುಂಚೆ ನೋಡಿ. ಎಷ್ಟಿರಬೇಕು ಎಂದು ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿ ಹೇಳುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾದ ಅಂಕಿ ಗರಿಷ್ಠ ಮಿತಿ, ಅದನ್ನು ಹಾಕಿಸಬೇಡಿ. ಸ್ಟೆಪ್ನಿಯನ್ನೂ ನೋಡಿ, ಅದನ್ನು ಎಲ್ಲರೂ ಮರೆಯುತ್ತಾರೆ.

ಹಳೆಯ ಟೈರನ್ನೇ ಈ ಬೇಸಿಗೆಗೆ ಓಡಿಸುವುದೋ, ಬದಲಿಸುವುದೋ? ಟೈರಿನ ಪಕ್ಕ ನಾಲ್ಕು ಅಂಕಿ ಹುಡುಕಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದರೆ ಅನುಮಾನದಿಂದಲೇ ನೋಡಿ, ಹತ್ತು ದಾಟಿದ್ದರೆ ರಸ್ತೆ ಮುಟ್ಟುವ ರಬ್ಬರ್ ಎಷ್ಟೇ ದಪ್ಪವಿರಲಿ ಬದಲಿಸಿ. ಪಕ್ಕದಲ್ಲಿ ಕೂದಲೆಳೆಯ ಬಿರುಕು ಕಂಡರೆ ವಯಸ್ಸು ಕೇಳುವುದೇ ಬೇಡ.

ಇನ್ನೆರಡು ಸಣ್ಣ ಆಯ್ಕೆ

ಘಾಟಿ ಇಳಿಯುವವರು ಬ್ರೇಕ್ ಫ್ಲೂಯಿಡ್ ಹಳೆಯದಾಗಿದೆಯೇ ನೋಡಿ. ಅದು ಗಾಳಿಯಿಂದ ತೇವ ಹೀರುತ್ತದೆ. ಡಾಟ್ 3, ಡಾಟ್ 4 ಎಂದರೆ ಅದರ ದರ್ಜೆಗಳು. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿಯ ತನಕ ಕುದಿಯಬಾರದು ಎಂಬುದು ನಿಯಮ, ತೇವ ಹೀರಿದ ಮೇಲೆ ಅದೇ ಮಿತಿ 140. ಡಾಟ್ 4ಕ್ಕೆ ಇವು 230 ಮತ್ತು 155. ಕುದಿದು ಗುಳ್ಳೆಯಾದರೆ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ಡಾಟ್ 4 ಮೇಲು, ಆದರೆ ಹಳೆಯ ಡಾಟ್ 4ಕ್ಕಿಂತ ಹೊಸ ಡಾಟ್ 3 ವಾಸಿ. ಡಾಟ್ 5 ಸಿಲಿಕೋನಿನದು, ಇವುಗಳ ಜತೆ ಬೆರೆಸಬಾರದು.

ಎಲೆಕ್ಟ್ರಿಕ್ ಕಾರಿನವರಿಗೆ ಆಯ್ಕೆ ಚಾರ್ಜಿಂಗ್‌ನಲ್ಲಿದೆ. ಪೂರ್ತಿ ತುಂಬಿದ ಬ್ಯಾಟರಿಯನ್ನು ಬಿಸಿಲಲ್ಲಿ ದಿನಗಟ್ಟಲೆ ನಿಲ್ಲಿಸುವುದು ಅದರ ಆಯಸ್ಸಿಗೆ ಕೆಟ್ಟದ್ದು. ದಿನಬಳಕೆಗೆ ಬಹಳ ಕಾರುಗಳಿಗೆ ನೂರಕ್ಕೆ 80 ಸಾಕು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಾದರೆ ಆಗಾಗ ಪೂರ್ತಿ ತುಂಬಿಸಿ ಎಂದು ಕೆಲವು ತಯಾರಕರೇ ಹೇಳುತ್ತಾರೆ, ಕೈಪಿಡಿ ನೋಡಿ. ಪ್ಲಗ್ ಸಿಕ್ಕಿಸಿರುವಾಗಲೇ ಎಸಿ ಹಾಕಿ ಒಳಗೆ ತಣ್ಣಗೆ ಮಾಡಿಕೊಂಡು ಹೊರಟರೆ ಆ ಕರೆಂಟು ಬ್ಯಾಟರಿಯಿಂದ ಹೋಗುವುದಿಲ್ಲ.

ಮುಳ್ಳು ಏರಿದರೆ: ಓಡಿಸುವುದೋ, ನಿಲ್ಲಿಸುವುದೋ?

ಎಲ್ಲ ಮಾಡಿಯೂ ಟ್ರಾಫಿಕ್‌ನಲ್ಲಿ ಮುಳ್ಳು ಮೇಲೆ ಹೋಗುತ್ತಿದೆ ಎಂದುಕೊಳ್ಳಿ. ಮೊದಲು ಎಸಿ ಆಫ್ ಮಾಡಿ. ಆಮೇಲೆ ಹೀಟರ್ ಫುಲ್, ಬ್ಲೋವರ್ ಫುಲ್. ಸುಡುವ ಬೇಸಿಗೆಯಲ್ಲಿ ಹೀಟರ್ ಹಾಕುವುದೆಂದರೆ ತಲೆ ಕೆಟ್ಟಿದೆಯಾ ಅನ್ನಿಸಬಹುದು. ಹೀಟರ್ ಎಂದರೆ ಒಳಗಿರುವ ಇನ್ನೊಂದು ಪುಟ್ಟ ರೇಡಿಯೇಟರ್. ಎಂಜಿನ್ ಬಿಸಿಯನ್ನು ಅದು ನಿಮ್ಮ ಕಾಲಿಗೆ ತಂದು ಸುರಿಯುತ್ತದೆ. ನೀವು ಬೆಂದರೂ ಎಂಜಿನ್ ಉಳಿಯುತ್ತದೆ. ಮುಳ್ಳು ಇಳಿಯಲು ಶುರುವಾದರೆ ಹೀಗೆಯೇ ಹತ್ತಿರದ ಸುರಕ್ಷಿತ ಜಾಗದ ತನಕ ಹೋಗಬಹುದು. ಕೆಂಪು ಮುಟ್ಟಿದರೆ ಅಥವಾ ಹಬೆ ಕಂಡರೆ ‘ಇನ್ನೊಂದು ಕಿಲೋಮೀಟರ್ ಅಷ್ಟೇ’ ಎನ್ನಬೇಡಿ. ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಆ ಒಂದು ಕಿಲೋಮೀಟರ್‌ನಲ್ಲಿ ಎಂಜಿನ್ನಿನ ಎರಡು ಭಾಗಗಳ ನಡುವಿನ ಸೀಲ್ ಆದ ಹೆಡ್ ಗ್ಯಾಸ್ಕೆಟ್ ಸುಟ್ಟರೆ ಎಂಜಿನ್ ಬಿಚ್ಚಬೇಕಾಗುತ್ತದೆ.

ಅರ್ಧ ಗಂಟೆಯಾದರೂ ಕಾಯಿರಿ. ಮುಚ್ಚಳ ಮುಟ್ಟುವಷ್ಟು ತಣ್ಣಗಾಗುವ ತನಕ ತೆಗೆಯಬೇಡಿ, ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಹಾರುತ್ತದೆ. ತಣ್ಣಗಾದ ಮೇಲೂ ದಪ್ಪ ಬಟ್ಟೆ ಹಾಕಿ ಸ್ವಲ್ಪವೇ ತಿರುಗಿಸಿ, ಉಸ್ ಎನ್ನುವುದು ನಿಂತ ಮೇಲೆ ಪೂರ್ತಿ ತೆಗೆಯಿರಿ. ಕೈಯಲ್ಲಿ ಕೂಲೆಂಟ್ ಇಲ್ಲ, ಬರೀ ಕುಡಿಯುವ ನೀರಿನ ಬಾಟಲಿ ಇದೆ ಎಂದರೆ ಅದನ್ನೇ ನಿಧಾನವಾಗಿ ಹಾಕಿ. ಆ ಹೊತ್ತಿಗೆ ಅದು ಸರಿಯೇ. ಗ್ಯಾರೇಜ್ ತಲುಪಿದ ದಿನವೇ ಸೋರಿಕೆ ಹುಡುಕಿಸಿ, ಆ ನೀರನ್ನು ತೆಗೆಸಿ ಕೂಲೆಂಟ್ ತುಂಬಿಸಿ. ನಾನು ಮಾಡಿದ ಹಾಗೆ ಮುಂದಿನ ಬೇಸಿಗೆಯ ತನಕ ಬಿಡಬೇಡಿ.